ಮಗಳ ಮನೆಗೆ ಪೊಲೀಸರು ಬಂದು ಹೋದರು, ಬೀಗರು ಮರ್ಯಾದೆ ಹೋಯಿತು ಅಂತಿದ್ದಾರೆ

ಪ್ರಶ್ನೆ: ನನಗೆ ಒಬ್ಬಳೇ ಮಗಳು. ಮದುವೆಯಾಗಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದಾಳೆ. ಅಳಿಯಂದಿರಿಗೆ ಸಾಫ್ಟ್‌ವೇರ್ ಕೆಲಸ. ಇವಳು ಅವರ ವೀಸಾ ಮೇಲೆ ಹೋದವಳು, ಈಗ ತಾನೂ ದುಡಿಯುತ್ತಾಳೆ. ಅಳಿಯಂದಿರಿಗೆ ಫುಟ್‌ಬಾಲ್ ಹುಚ್ಚು. ಮ್ಯಾಚ್ ದಿನ ಗೆಳೆಯರ ಜೊತೆ ಪಬ್‌ಗೆ ಹೋಗಿ ಕುಡಿದು ಬರುತ್ತಾರೆ. 2024ರ ಯೂರೋ ಕಪ್ ಫೈನಲ್ ರಾತ್ರಿ ಇವಳನ್ನು ತಳ್ಳಿ, ಮುಂಗೈ ಊದಿಕೊಂಡಿತ್ತು. ಪಕ್ಕದ ಮನೆಯ ಅಜ್ಜಿ ಪೊಲೀಸರಿಗೆ ಫೋನ್ ಮಾಡಿದ್ದರಂತೆ. ಕಳೆದ ಡಿಸೆಂಬರ್‌ನಲ್ಲಿ ಮತ್ತೆ ಹಾಗೇ ಆಯಿತು. ಆಗ ಮಗಳೇ ಪೊಲೀಸರನ್ನು ಕರೆದಳು. ಕೋರ್ಟು ಕೇಸು ಏನೂ ಆಗಲಿಲ್ಲ. ಈಗ ವರ್ಲ್ಡ್ ಕಪ್ ಹತ್ತಿರ ಬಂತು. ಮೊನ್ನೆ ಯಾವ ಗಲಾಟೆಯೂ ಇಲ್ಲದೆ ಇಬ್ಬರು ಪೊಲೀಸರು ಮನೆಗೆ ಬಂದು, ಗಂಡ ಹೆಂಡತಿ ಇಬ್ಬರ ಜೊತೆ ಬೇರೆ ಬೇರೆ ಮಾತಾಡಿ, ಮಗಳ ಕೈಗೆ ಒಂದು ಕಾರ್ಡ್ ಕೊಟ್ಟು ಹೋಗಿದ್ದಾರೆ. ಶಿವಮೊಗ್ಗದಿಂದ ಬೀಗರು ದಿನಾ ಫೋನ್. 'ನಮ್ಮ ಮನೆ ಮರ್ಯಾದೆ ಹೋಯಿತು. ತಪ್ಪು ತಿಳುವಳಿಕೆಯಿಂದ ಆದದ್ದು ಅಂತ ನಿಮ್ಮ ಮಗಳು ಪೊಲೀಸರಿಗೆ ಬರೆದುಕೊಡಲಿ, ಇಲ್ಲದಿದ್ದರೆ ಅವನ ವೀಸಾ ಹೋಗುತ್ತೆ' ಅಂತಾರೆ. ಮಗಳು 'ಅಮ್ಮ, ನೀನು ಮಧ್ಯೆ ಬರಬೇಡ' ಅಂತಾಳೆ. ಕುಡಿಯದೇ ಇದ್ದರೆ ಅಳಿಯ ಚಿನ್ನದಂಥವರು. ಮಗಳಿಗೆ ಬರೆದುಕೊಡು ಅನ್ನಲೋ, ಎಲ್ಲ ಬಿಟ್ಟು ಬಂದುಬಿಡು ಅನ್ನಲೋ? ರಾತ್ರಿ ನಿದ್ದೆ ಇಲ್ಲ.
— ಹೆಸರು ಬೇಡ, ದಾವಣಗೆರೆ

ಉತ್ತರ: ಅಕ್ಕಾ, ಬರೆದುಕೊಡು ಅಂತ ಮಾತ್ರ ಹೇಳಬೇಡಿ. ಬಂದುಬಿಡು ಅನ್ನುವುದನ್ನೂ ಇವತ್ತೇ ಹೇಳಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಆ ಪೊಲೀಸರ ವಿಷಯ. ನಮ್ಮ ಕಡೆ ಪೊಲೀಸರು ಮನೆಗೆ ಬಂದರು ಅಂದರೆ ಏನೋ ಆಗಿಹೋಗಿದೆ ಅಂತಲೇ ಅರ್ಥ. ಜೀಪು ನಿಂತರೆ ಸಾಕು, ಎದುರುಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಹಾಗಾಗಿ ನಿಮ್ಮ ಬೀಗರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕವೆಂಟ್ರಿಯಲ್ಲಿ ಆದದ್ದು ಬೇರೆ. ದೊಡ್ಡ ಫುಟ್‌ಬಾಲ್ ಟೂರ್ನಿ ಹತ್ತಿರ ಬಂದಾಗ, ಹಿಂದೆ ದೂರು ಬಂದ ಮನೆಗಳಿಗೆ ಮುಂಚಿತವಾಗಿ ಹೋಗಿ ಬರುವ ಕೆಲಸವನ್ನು ಬ್ರಿಟನ್ನಿನ ಹಲವು ಪೊಲೀಸ್ ಪಡೆಗಳು ಮಾಡುತ್ತವೆ. ಮಳೆಗಾಲಕ್ಕೆ ಮುಂಚೆ ಮೋರಿ ಹೂಳು ತೆಗೆಸಿದ ಹಾಗೆ. ಗ್ಲಾಸ್ಗೋದಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಪಂದ್ಯ ಇದ್ದಾಗ ಮನೆಯೊಳಗಿನ ಹೊಡೆತದ ಕರೆಗಳು ಏರುವುದನ್ನು ಕಂಡು, ಅಲ್ಲಿನ ಪೊಲೀಸರು ಹಳೆಯ ಆರೋಪಿಗಳ ಬಾಗಿಲು ತಟ್ಟಿ 'ನಿನ್ನ ಮೇಲೆ ನಮ್ಮ ಕಣ್ಣಿದೆ' ಅಂತ ಹೇಳಿ ಬರುತ್ತಿದ್ದರು. ಪಂದ್ಯದ ರಾತ್ರಿ ಇಂಥ ಕರೆಗಳಿಗೆ ಓಡಲು ಹೆಚ್ಚುವರಿ ಸಿಬ್ಬಂದಿ ಇಟ್ಟುಕೊಳ್ಳುವುದು, ಬಂದವರು ಎದೆಯ ಮೇಲಿನ ಕ್ಯಾಮೆರಾದಲ್ಲಿ ಮನೆಯ ಸ್ಥಿತಿ, ಗಾಯ, ಮಾತು ಎಲ್ಲವನ್ನೂ ದಾಖಲು ಮಾಡಿಕೊಳ್ಳುವುದು ಕೂಡ ಇದರ ಭಾಗವೇ.

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು ಅಂತ ಬರೆದಿದ್ದೀರಿ. ಅದು ಸುಮ್ನೆ ಅಲ್ಲ. ಅಲ್ಲಿನ ಪೊಲೀಸರ ಹತ್ತಿರ ಅಪಾಯ ಎಷ್ಟಿದೆ ಅಂತ ಅಳೆಯಲು ಪ್ರಶ್ನೆಗಳ ಪಟ್ಟಿ ಇರುತ್ತದೆ. ಅವನನ್ನು ಕಂಡರೆ ಹೆದರಿಕೆ ಆಗುತ್ತಾ? ಯಾವತ್ತಾದರೂ ಕುತ್ತಿಗೆ ಹಿಸುಕಿದ್ದಾನಾ? ಫೋನು, ದುಡ್ಡು ಯಾರ ಹತೋಟಿಯಲ್ಲಿದೆ? ಬಿಟ್ಟುಹೋಗುವ ಮಾತು ಬಂದಿದೆಯಾ? ಗಂಡ ಪಕ್ಕದಲ್ಲಿ ಕೂತಿದ್ದರೆ ಯಾವ ಹೆಂಗಸು ಇದಕ್ಕೆ ನಿಜ ಹೇಳುತ್ತಾಳೆ? ನೀವೂ ಮಗಳನ್ನು ಒಂದು ಪ್ರಶ್ನೆ ಕೇಳಬೇಕು, ಕುತ್ತಿಗೆಯದು. ಹೌದು ಅಂದರೆ ಅದು 'ತಳ್ಳಿದ' ವಿಷಯವಲ್ಲ. ಮುಂದೆ ಜೀವಕ್ಕೇ ಅಪಾಯ ಆಗಬಹುದು ಅನ್ನುವ ದೊಡ್ಡ ಸೂಚನೆ. ಆಗ ನಾನು ಮೇಲೆ ಹೇಳಿದ 'ಇವತ್ತೇ ಬೇಡ' ಅನ್ನುವ ಮಾತೂ ಅನ್ವಯಿಸುವುದಿಲ್ಲ.

ಈಗ ಚಿನ್ನದಂಥ ಅಳಿಯ. ನಿಮ್ಮ ಲೆಕ್ಕದಲ್ಲಿ ಅಳಿಯ ಒಳ್ಳೆಯವರು, ಕೆಟ್ಟದ್ದು ಮ್ಯಾಚು. ಈ ಲೆಕ್ಕವನ್ನು ಅಲ್ಲಿ ಬಹಳ ಜನ ಹಾಕಿ ನೋಡಿದ್ದಾರೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2002, 2006, 2010ರ ವಿಶ್ವಕಪ್‌ಗಳ ಸಮಯದ ಲ್ಯಾಂಕಶೈರ್ ಪೊಲೀಸ್ ದಾಖಲೆ ತೆಗೆದು ನೋಡಿದರು. ಇಂಗ್ಲೆಂಡ್ ಗೆದ್ದ ಅಥವಾ ಡ್ರಾ ಆದ ದಿನ ಮನೆಯೊಳಗಿನ ಹಿಂಸೆಯ ಪ್ರಕರಣಗಳು 26% ಜಾಸ್ತಿ, ಸೋತ ದಿನ 38% ಜಾಸ್ತಿ. ಸೋಲಿನ ಸಿಟ್ಟು ಅಂದುಕೊಂಡು ಬಿಡಬಹುದಿತ್ತು. 2018ರಲ್ಲಿ ಒಂದು ಪೋಸ್ಟರ್ ಬಂದಿತ್ತು. ಹೆಂಗಸಿನ ಮುಖದ ಮೇಲೆ ರಕ್ತವೇ ಹರಡಿ ಇಂಗ್ಲೆಂಡ್ ಬಾವುಟದ ಶಿಲುಬೆ ಆಗಿರುವ ಚಿತ್ರ. ಇಂಗ್ಲೆಂಡ್ ಸೋತರೆ ಏಟು ತಿನ್ನುವುದು ಇವಳು ಅನ್ನುವ ಅರ್ಥದ ಸಾಲು. ನೋಡಿದವರು ಮರೆಯಲಾರದ ಚಿತ್ರ. ಆದರೂ ನನಗೆ ಅದರ ಮೇಲೆ ಒಂದು ತಕರಾರಿದೆ. ಸೋಲೇ ಹೊಡೆಸುತ್ತದೆ ಅನ್ನುವ ಹಾಗಿದೆ ಅದು.

ನಿಮ್ಮ ಮಗಳು ಇರುವ ಕವೆಂಟ್ರಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ ವ್ಯಾಪ್ತಿಗೆ ಸೇರಿದ್ದು. ಅದೇ ಊರಿನ ವಾರಿಕ್ ವಿಶ್ವವಿದ್ಯಾಲಯದವರು ಅದೇ ಪೊಲೀಸರ ದಾಖಲೆ ಇಟ್ಟುಕೊಂಡು ನೋಡಿದಾಗ ಸಿಕ್ಕಿದ್ದು ಬೇರೆ. ದೊಡ್ಡ ಟೂರ್ನಿಗಳಲ್ಲಿ ಇಂಗ್ಲೆಂಡ್ ಗೆದ್ದ ದಿನ, ಕುಡಿತ ಸೇರಿದ ಪ್ರಕರಣಗಳು 47% ಏರಿದ್ದವು. ಗೆದ್ದ ದಿನ! ಮರುದಿನವೂ 18% ಜಾಸ್ತಿ. ಕುಡಿತ ಇಲ್ಲದ ಪ್ರಕರಣಗಳಲ್ಲಿ ಈ ಏರಿಕೆ ಇರಲಿಲ್ಲ. ರಗ್ಬಿ ಪಂದ್ಯಗಳಲ್ಲೂ ಕಾಣಲಿಲ್ಲ. ಅಂದರೆ ಗೆದ್ದರೂ ಹೊಡೆತ, ಸೋತರೂ ಹೊಡೆತ. ಸ್ಕೋರ್‌ಬೋರ್ಡಿಗೆ ಇದರಲ್ಲಿ ದೊಡ್ಡ ಪಾತ್ರ ಇಲ್ಲ.

ಹಾಗಾದರೆ ಕುಡಿತವೇ ಕಾರಣ, ಬಿಡಿಸಿದರೆ ಆಯಿತು ಅಂತೀರಾ? ನಿಲ್ಲಿ. ಆರ್‌ಸಿಬಿ ಸೋತ ರಾತ್ರಿ ನಮ್ಮ ಬಾರುಗಳಲ್ಲಿ ಎಷ್ಟು ಜನ ಕುಡಿದು ಎದ್ದು ಹೋಗುತ್ತಾರೆ? ಎಲ್ಲರೂ ಮನೆಗೆ ಹೋಗಿ ಹೆಂಡತಿಯ ಮೇಲೆ ಕೈ ಮಾಡುತ್ತಾರಾ? ನಿಮ್ಮ ಅಳಿಯ ಪಬ್‌ನಲ್ಲಿ ಪಕ್ಕದ ಟೇಬಲಿನ ಬಿಳಿಯನನ್ನು ತಳ್ಳಿದ್ದು ಉಂಟಾ? ಮ್ಯಾನೇಜರನ್ನು? ಇಲ್ಲ. ಎಷ್ಟೇ ಕುಡಿದಿದ್ದರೂ ಯಾರನ್ನು ತಳ್ಳಿದರೆ ನಡೆಯುತ್ತದೆ ಅನ್ನುವ ಲೆಕ್ಕ ತಪ್ಪಲಿಲ್ಲ ಅಲ್ವಾ? ಕುಡಿತ ಧೈರ್ಯ ಕೊಡುತ್ತದೆ, ಏಟಿನ ತೂಕ ಹೆಚ್ಚಿಸುತ್ತದೆ. ಇವಳ ಮೇಲೆ ಕೈ ಎತ್ತಬಹುದು ಅನ್ನುವ ತೀರ್ಮಾನ ಅದಕ್ಕೆ ಮುಂಚೆಯೇ ತಲೆಯಲ್ಲಿ ಕೂತಿರುತ್ತದೆ. ಡಿಸೆಂಬರ್‌ನಲ್ಲಿ ಯಾವ ವರ್ಲ್ಡ್ ಕಪ್ಪೂ ಇರಲಿಲ್ಲ.

ಬೀಗರ ಬೇಡಿಕೆಗೆ ಬರೋಣ. ಪೊಲೀಸರು ಮನೆಗೆ ಬಂದು ಹೋದ ಮಾತ್ರಕ್ಕೆ ಯಾರ ವೀಸಾವೂ ರದ್ದಾಗುವುದಿಲ್ಲ. ಕೋರ್ಟಿನಲ್ಲಿ ಶಿಕ್ಷೆಯಾದರೆ ತೊಂದರೆ ಬರಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಅದು ತಪ್ಪಬೇಕಾದರೆ ಅವರ ಮಗ ಕೈ ಕೆಳಗಿಟ್ಟುಕೊಳ್ಳಬೇಕು, ನಿಮ್ಮ ಮಗಳು ಕಾಗದ ಬರೆಯುವುದಲ್ಲ. ಬರೆದುಕೊಟ್ಟರೂ ಹಳೆಯ ದಾಖಲೆ ಅಳಿಸಿಹೋಗುವುದಿಲ್ಲ. ಅಲ್ಲಿ ಕೇಸು ನಡೆಸಬೇಕೋ ಬೇಡವೋ ಅನ್ನುವುದು ಪ್ರಾಸಿಕ್ಯೂಷನ್ನಿನ ತೀರ್ಮಾನ. ಹೆಂಡತಿ ಹಿಂದೆ ಸರಿದರೂ ಕ್ಯಾಮೆರಾ ದಾಖಲೆ, ನೆರೆಯವರ ಸಾಕ್ಷಿ ಇಟ್ಟುಕೊಂಡು ಅವರು ಮುಂದುವರಿಯಬಹುದು. ನಷ್ಟ ಯಾರಿಗೆ ಗೊತ್ತಾ? ಇವಳಿಗೇ. ನಾಳೆ ನಿಜವಾಗಿ ಸಹಾಯ ಬೇಕಾದಾಗ, 'ಅವತ್ತು ತಪ್ಪು ತಿಳುವಳಿಕೆ ಅಂದಿದ್ದಿರಲ್ಲ' ಅನ್ನುವ ಪ್ರಶ್ನೆ ಎದುರಾಗುತ್ತದೆ.

ಪೊಲೀಸರಿಗೆ ಫೋನ್ ಹೋದ ಆ ಎರಡು ಸಲದ ದಾಖಲೆಗಳು ಅವಳ ವೀಸಾಗೂ ಬೇಕಾಗಬಹುದು. ಗಂಡನಿಂದ ಬೇರೆಯಾದರೆ ಡಿಪೆಂಡೆಂಟ್ ವೀಸಾ ಹಾಗೇ ಉಳಿಯುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡಿರುವುದು ಇದೇ ಭಯಕ್ಕೆ. ಆದರೆ ದೌರ್ಜನ್ಯದಿಂದ ಸಂಸಾರ ಮುರಿದು, ಕೈಯಲ್ಲಿ ಆಧಾರ ಇಲ್ಲದವರಿಗೆ ಅಲ್ಲಿನ ಸರ್ಕಾರ ಮೂರು ತಿಂಗಳ ಪ್ರತ್ಯೇಕ ಅನುಮತಿ ಕೊಡುತ್ತದೆ. ಆ ಅವಧಿಯಲ್ಲಿ ಸರ್ಕಾರಿ ನೆರವನ್ನೂ ಪಡೆಯಬಹುದು. ಕೆಲಸದ ವೀಸಾದವರ ಹೆಂಡತಿಯರಿಗೂ ಇದು ಈಗ ಸಿಗುತ್ತದೆ. ಒಂದು ಕೊರತೆ ಇದೆ. ಅಂಥವರಿಗೆ ಇದರಿಂದ ಶಾಶ್ವತವಾಗಿ ನೆಲೆಸುವ ಹಕ್ಕು ಬರುವುದಿಲ್ಲ. ಅರ್ಜಿ ಹಾಕಿದರೆ ಈಗಿರುವ ವೀಸಾದ ಜಾಗಕ್ಕೆ ಅದೇ ಬಂದು ಕೂರುತ್ತದೆ. ಆದ್ದರಿಂದ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳದೆ ಅವಳು ಯಾವ ಫಾರ್ಮನ್ನೂ ತುಂಬಬಾರದು. ಅವಳ ಕಂಪನಿಯೇ ವೀಸಾ ಮಾಡಿಸಿಕೊಡುತ್ತದೆಯಾ ಅನ್ನುವುದನ್ನೂ ಮೆಲ್ಲಗೆ ವಿಚಾರಿಸಲಿ. ಇದಕ್ಕೇ ನಾನು ಥಟ್ಟನೆ 'ಬಂದುಬಿಡು' ಅನ್ನಬೇಡಿ ಅಂದದ್ದು. ಬರುವುದೂ ಬಿಡುವುದೂ ಅವಳ ತೀರ್ಮಾನ. 'ಯಾವಾಗ ಬಂದರೂ ನಿನ್ನ ಕೋಣೆ ನಿನಗಿದೆ, ಯಾರಿಗೂ ಉತ್ತರ ಕೊಡಬೇಕಿಲ್ಲ' ಅಂತ ಒಂದು ಮಾತು ಹೇಳಿ ಸಾಕು.

ಮನೆ ಬಿಟ್ಟು ಹೋಗಬೇಕಾದವಳು ಅವಳೇ ಆಗಬೇಕು ಅಂತಲೂ ಇಲ್ಲ. ಅಲ್ಲಿನ ಪೊಲೀಸರು ನೋಟಿಸ್ ಕೊಟ್ಟು ಗಂಡನನ್ನೇ 48 ಗಂಟೆ ಮನೆಯಿಂದ ದೂರ ಇಡಬಹುದು. ಕೋರ್ಟು ಒಪ್ಪಿದರೆ 28 ದಿನಗಳವರೆಗೆ. ಹೆಂಡತಿ ಬೇಡ ಅಂದರೂ ಮಾಡಬಹುದು. ನನಗೆ ಈ ಕಾನೂನಿನಲ್ಲಿ ತುಂಬ ಹಿಡಿಸಿದ್ದು ಇದೇ. ಅವಳ ಮೇಲೆ ಹೊರೆ ಬೀಳುವುದಿಲ್ಲ. 'ನಾನು ಹೇಳಲಿಲ್ಲ, ಪೊಲೀಸರೇ ಮಾಡಿದ್ದು' ಅನ್ನಬಹುದು.

ಇನ್ನು ನಿಮ್ಮ ಕೈಲಾಗುವ ಕೆಲಸ. ಈ ಸಲದ ಪಂದ್ಯಗಳು ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ. ಅಲ್ಲಿಯ ಮಧ್ಯಾಹ್ನದ ಮ್ಯಾಚು ಇಂಗ್ಲೆಂಡಿನಲ್ಲಿ ರಾತ್ರಿ ಶುರುವಾಗುತ್ತದೆ. ಆಗ ನಿಮಗೆ ಇನ್ನೂ ನಾಲ್ಕೂವರೆ ಗಂಟೆ ಮುಂದೆ, ನಡುರಾತ್ರಿ ದಾಟಿರುತ್ತದೆ. ಪಂದ್ಯ ನಡೆಯುವಾಗ ಭಯ ಕಡಿಮೆ. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನವರು ಮ್ಯಾಂಚೆಸ್ಟರ್ ಕಡೆಯ ಪೊಲೀಸ್ ಕರೆಗಳನ್ನು ನೋಡಿದಾಗ, ಆಟದ ಎರಡು ಗಂಟೆಯಲ್ಲಿ ಪ್ರಕರಣ 5% ಇಳಿದಿದ್ದವು. ಎಲ್ಲರ ಕಣ್ಣೂ ಟೀವಿ ಮೇಲೆ. ಏರುವುದು ಆಮೇಲೆ, ಗಂಟೆಗಟ್ಟಲೆ ಕುಡಿದ ಮೇಲೆ. ಹಾಗಾಗಿ ಮ್ಯಾಚ್ ಮುಗಿಯಿತು, ಸದ್ಯ ಏನೂ ಆಗಲಿಲ್ಲ ಅಂತ ಮಲಗಬೇಡಿ. ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಬರುವ ಫೋನ್ ಮುಖ್ಯ.

ನಿಮ್ಮಿಬ್ಬರ ನಡುವೆ ಒಂದು ಗುಟ್ಟಿನ ಮಾತು ಇರಲಿ. 'ಅಮ್ಮ, ಸಾರಿನಪುಡಿ ಪಾರ್ಸೆಲ್ ಇನ್ನೂ ಬಂದಿಲ್ಲ' ಅಂದರೆ ಈಗಲೇ ಯಾರನ್ನಾದರೂ ಕಳಿಸು ಅಂತ. ಗಂಡ ಪಕ್ಕದಲ್ಲಿದ್ದರೂ ಹೇಳಬಹುದಾದ ಮಾತಾಗಿರಬೇಕು. ಆದರೆ ಕಳಿಸುವುದು ಯಾರನ್ನು? ಅಲ್ಲಿನ ತುರ್ತು ಕರೆಯ ನಂಬರ್ 999, ಆದರೆ ದಾವಣಗೆರೆಯಿಂದ ಅದನ್ನು ಒತ್ತಿದರೆ ಕವೆಂಟ್ರಿ ಪೊಲೀಸರಿಗೆ ಹೋಗುವುದಿಲ್ಲ. ಅದಕ್ಕೇ ಆ ಕಾರ್ಡ್ ಕೊಟ್ಟ ಅಧಿಕಾರಿಯ ಹತ್ತಿರ, ಹೊರದೇಶದಿಂದ ಕರೆಯಬಹುದಾದ ನಂಬರ್ ಯಾವುದು ಅಂತ ಮಗಳು ಈಗಲೇ ಕೇಳಿಟ್ಟುಕೊಳ್ಳಲಿ. ಆ ಪಕ್ಕದ ಮನೆ ಅಜ್ಜಿಯ ನಂಬರೂ ನಿಮ್ಮ ಫೋನಿನಲ್ಲಿರಲಿ. ಬೀಗರಿಗಿಂತ ಆಯಮ್ಮನೇ ನಿಮಗೆ ಹತ್ತಿರದ ನೆಂಟರು.

ಮಗಳು 999ಕ್ಕೆ ಕರೆದು ಮಾತಾಡಲಾಗದ ಸ್ಥಿತಿ ಬಂದರೆ, ಮೊಬೈಲಿನಲ್ಲಿ 55 ಒತ್ತಬೇಕು. ಕರೆ ಪೊಲೀಸರಿಗೆ ಹೋಗುತ್ತದೆ. ಅವರು ಕೇಳುವ ಹೌದು ಅಲ್ಲ ಪ್ರಶ್ನೆಗಳಿಗೆ ಕೆಮ್ಮಿಯೋ ಬಟನ್ ಒತ್ತಿಯೋ ಉತ್ತರಿಸಬಹುದು. 55 ಒತ್ತಿದ ತಕ್ಷಣ ವಿಳಾಸ ತಾನಾಗಿ ಗೊತ್ತಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಂಬಬಾರದು, ಫೋನ್ ಕಟ್ ಮಾಡಬಾರದು. ಬರೀ ಮಾತಾಡಿ ಸಲಹೆ ಕೇಳಬೇಕಾದರೆ ಅಲ್ಲಿನ ಸಹಾಯವಾಣಿ 0808 2000 247, ಹಗಲೂ ರಾತ್ರಿ, ಉಚಿತ. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಕಷ್ಟ, ವೀಸಾ ತೊಡಕು ಎರಡನ್ನೂ ಬಲ್ಲ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆ ಲಂಡನ್ನಿನಲ್ಲಿ 1979ರಿಂದ ಇದೆ.

ಅವಳ ಪಾಸ್‌ಪೋರ್ಟ್, ವೀಸಾ, ಮದುವೆ ಸರ್ಟಿಫಿಕೇಟ್, ಬ್ಯಾಂಕ್ ಕಾಗದಗಳ ಫೋಟೋ ನಿಮ್ಮ ಹತ್ತಿರ ಒಂದು ಪ್ರತಿ ಇರಲಿ. ಊದಿದ ಮುಂಗೈಯ ಫೋಟೋ ಇದ್ದರೆ ಅದೂ. ಅವಳ ಫೋನನ್ನು ಅಳಿಯ ನೋಡುತ್ತಾರಾದರೆ ಕಳಿಸಿದ ಮೇಲೆ ಅವಳು ಅಲ್ಲಿ ಅಳಿಸಿಬಿಡಲಿ. ಅಳಿಯನಿಗೆ ನೀವು ಬುದ್ಧಿವಾದ ಹೇಳಲು ಹೋಗಬೇಡಿ, ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ. ನೀವಿಲ್ಲಿ ಹೇಳಿದ ಮಾತಿಗೆ ಅಲ್ಲಿ ಬೆಲೆ ತೆರುವವಳು ಅವಳು. ಬಿಟ್ಟುಹೋಗುವ ಯೋಚನೆ ಇದ್ದರೆ ಅದು ಅವನ ಕಿವಿಗೆ ಬೀಳಲೇಬಾರದು. ಅಪಾಯ ತುಂಬ ಏರುವುದು ಆಗಲೇ.

ಬೀಗರು ಮತ್ತೆ ಫೋನ್ ಮಾಡುತ್ತಾರೆ, ಗ್ಯಾರಂಟಿ. ಜಗಳ ಬೇಡ. ಮಗಳ ಯೋಜನೆಯ ಸುಳಿವೂ ಬೇಡ. 'ನನ್ನ ಮಗಳು ಏನೂ ಬರೆದುಕೊಡುವುದಿಲ್ಲ' ಅನ್ನಿ. ಮಗನನ್ನು ಉಳಿಸಿಕೊಳ್ಳುವ ಆಸೆ ಅವರಿಗೆ ನಿಜವಾಗಿ ಇದ್ದರೆ, ಹೊಡೆಯುವ ಚಾಳಿ ಬಿಡಬೇಕು ಅನ್ನುವವರಿಗೇ ಅಂತ ಅಲ್ಲಿ ರೆಸ್ಪೆಕ್ಟ್ ಫೋನ್‌ಲೈನ್ ಇದೆ, ನಂಬರ್ 0808 802 4040. ಅದನ್ನು ಬರೆದುಕೊಳ್ಳಲು ಹೇಳಿ. ಫೋನ್ ಮಾಡಬೇಕಾದವನು ಅವರ ಮಗ.