ಯಾರ ತೋಟದಲ್ಲಿ ಎಷ್ಟು ಸೆಂಟ್ ಮಳೆ?

ಕೊಡಗಿನ ಸಿದ್ದಾಪುರದ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

"ನಮ್ಮ ಭಾಗಕ್ಕೆ ಸಮುದಾಯ ಬಾನುಲಿ, ಅಂದರೆ ಊರಿನವರೇ ನಡೆಸುವ ರೇಡಿಯೋ, ಬಂತು ಅಂತ ಖುಷಿಪಟ್ಟಿದ್ದೆ. ಈಗ ಬೇಜಾರಾಗಿದೆ. ಬೆಳಿಗ್ಗೆ ಹಾಕಿದರೆ ಯಾರ ತೋಟದಲ್ಲಿ ಎಷ್ಟು ಸೆಂಟ್ ಮಳೆ ಬಿತ್ತು ಅಂತ ಇಪ್ಪತ್ತು ನಿಮಿಷ ಓದುತ್ತಾರೆ. ಮಧ್ಯಾಹ್ನ ತೋಟದ ಆಳುಗಳ ಲೈನ್ ಮನೆಯ ಹೆಂಗಸರು ಯರವ ಬುಡಕಟ್ಟಿನ ಭಾಷೆಯಲ್ಲಿ ಮಾತಾಡಿಕೊಂಡು ನಗುತ್ತಾರೆ, ನಮಗೆ ಒಂದಕ್ಷರ ಅರ್ಥವಾಗುವುದಿಲ್ಲ. ಸಂಜೆ ದುಡಿ ಬಾರಿಸಿಕೊಂಡು ಮುಕ್ಕಾಲು ಗಂಟೆ ಹಾಡು. ನಡುವೆ ಕೆಮ್ಮು, ಕೋಳಿ ಕೂಗು. ಒಳ್ಳೆಯ ಸಿನಿಮಾ ಹಾಡು ಹಾಕಿ, ಸ್ವಚ್ಛ ಕನ್ನಡ ಮಾತಾಡುವ ಚುರುಕಾದ ನಿರೂಪಕರನ್ನು ಕೂರಿಸಿದರೆ ಕೇಳುವವರು ಹತ್ತು ಪಟ್ಟು ಆಗುತ್ತಾರೆ. ನಿಮ್ಮ ಪತ್ರಿಕೆಯಾದರೂ ಇದನ್ನು ಹೇಳಬೇಕು."

ಸಂಪಾದಕರ ಉತ್ತರ:

ಕೆಮ್ಮಿನ ವಿಷಯ ಒಪ್ಪಿದೆ. ಮೈಕಿನ ಮುಂದೆ ಕೆಮ್ಮಬಾರದು. ಒಂದೇ ಹಾಡನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕುವುದೂ ಸರಿಯಲ್ಲ. ದಿನವಿಡೀ ಕಣದಲ್ಲಿ ಕಾಫಿ ಹರವಿ ಬಂದವರಿಗೆ ರಾತ್ರಿ ಪಿ.ಬಿ. ಶ್ರೀನಿವಾಸ್ ದನಿ ಬೇಕು ಅನಿಸಿದರೆ ತಪ್ಪೇನು? ನನಗೂ ಬೇಕು. ಇಷ್ಟು ನಿಮ್ಮ ಪಕ್ಷ. ಇನ್ನು ನನ್ನದು ಕೇಳಿ.

ಮೊದಲಿಗೆ ಒಂದು ಸಣ್ಣ ತರಲೆ. ಮಳೆ ಲೆಕ್ಕ ಇಪ್ಪತ್ತು ನಿಮಿಷ ಅಂತ ಬರೆದಿದ್ದೀರಿ. ಅಂದರೆ ನೀವು ಇಪ್ಪತ್ತು ನಿಮಿಷವೂ ಕೂತು ಕೇಳಿದ್ದೀರಿ, ಅಲ್ವಾ? ನಿಜಕ್ಕೂ ಬೇಜಾರಾದವರು ಮೂರನೇ ನಿಮಿಷಕ್ಕೆ ಆಫ್ ಮಾಡಿ ಎದ್ದು ಹೋಗುತ್ತಾರೆ.

ಆ ಲೆಕ್ಕ ಯಾಕೆ ಅಂತ ತೋಟ ಇರುವ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಈ ಪತ್ರಿಕೆಯನ್ನು ಬೆಂಗಳೂರಿನಲ್ಲೂ ನಾಲ್ಕು ಜನ ಓದುತ್ತಾರೆ, ಅವರಿಗಾಗಿ. ನಮ್ಮಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ ಅಂತಲೇ ಅಳೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ರೋಬಸ್ಟಾ ಗಿಡ ವಾರ, ಹತ್ತು ದಿನದಲ್ಲಿ ಹೂವಾಗುತ್ತದೆ. ಅದೇ ಮೂವತ್ತು ನಲವತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಮೊಗ್ಗು ಅರ್ಧ ಬಿರಿದು ಕರಟಿ ಹೋಗುತ್ತದೆ. ಆಗ ಕೆರೆಗೆ ಪಂಪ್ ಇಳಿಸಿ, ಪೈಪ್ ಜೋಡಿಸಿ, ರಾತ್ರಿಯೆಲ್ಲಾ ಸ್ಪ್ರಿಂಕ್ಲರ್ ಓಡಿಸಬೇಕು. ಹೂವಾದ ಮೇಲೆ ಮತ್ತೆ ಇಪ್ಪತ್ತು ದಿನದ ಒಳಗೆ ಇನ್ನೊಂದು ಮಳೆ ಬೇಕು. ಈ ಮಳೆಯೋ, ರಸ್ತೆಯ ಆ ಬದಿಗೆ ಸುರಿದು ಈ ಬದಿಗೆ ಬೆನ್ನು ಹಾಕುವ ಜಾತಿ. ಹಾಗಾಗಿ ಪಕ್ಕದ ತೋಟಕ್ಕೆ ಎಪ್ಪತ್ತು ಸೆಂಟ್ ಬಿತ್ತು ಅನ್ನುವ ಸುದ್ದಿ ಸುಮ್ನೆ ಹರಟೆಯಲ್ಲ. ಇವತ್ತು ಪೈಪ್ ಯಾರಿಗೆ ಬೇಕು, ಯಾರಿಂದ ಕೇಳಿ ತರಬಹುದು ಅನ್ನುವುದು ಅದರಲ್ಲಿದೆ. ಇದನ್ನು ಯಾವ ಉಪಗ್ರಹ ಹೇಳುತ್ತದೆ? ನನ್ನ ಫೋನು ಇಡೀ ಕೊಡಗಿಗೆ ಒಂದು ಮೋಡದ ಚಿತ್ರ ಬಿಡಿಸಿ ಕೈತೊಳೆದುಕೊಳ್ಳುತ್ತದೆ.

ನಮ್ಮ ಮನೆಯ ರೇಡಿಯೋ ಕಥೆ ಹೇಳುತ್ತೇನೆ. ಅಪ್ಪ ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ದುಡ್ಡು ಕಟ್ಟಿ ಬರುತ್ತಿದ್ದರು. ಅಷ್ಟು ದುಡ್ಡು ಕಟ್ಟಿ ಕೇಳುತ್ತಿದ್ದುದೇನು? ಗುಡ್ಡ ಅಡ್ಡ ಬಂದು ಮೈಸೂರು ಸ್ಟೇಷನ್ ಗರಗರ ಅನ್ನುತ್ತಿತ್ತು, ಸಮುದ್ರದ ಆಚೆಯ ಸಿಲೋನ್ ಮಾತ್ರ ಲಕ್ಷಣವಾಗಿ ಬರುತ್ತಿತ್ತು. ಕೊಲಂಬೊದಲ್ಲಿ ಕೂತವರು ನಮ್ಮ ಅಡುಗೆಮನೆಗೆ ಸಿನಿಮಾ ಹಾಡು ಹಾಕುತ್ತಿದ್ದರು. ಆದರೆ ನಮ್ಮೂರ ಸೇತುವೆ ಮುಳುಗಿದ ಸುದ್ದಿ ನಮಗೆ ಬರುತ್ತಿದ್ದುದು ಹಾಲಿನವನಿಂದ. ಮುಂದೆ ಮಡಿಕೇರಿ ಆಕಾಶವಾಣಿ ಬಂತು, 103.1. ಒಂದು ಸಂಜೆ ಅದರಲ್ಲಿ ಇದ್ದಕ್ಕಿದ್ದ ಹಾಗೆ ಯಾರೋ ಅರೆಭಾಷೆಯಲ್ಲಿ ಮಾತಾಡಿದರು. ಅವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಜಗಲಿಗೆ ಬಂದರು. "ಯಾರು ಬಂದದ್ದು?" ಅಂತ ಕೇಳಿದರು. ನೆಂಟರು ಬಂದಿದ್ದಾರೆ ಅಂದುಕೊಂಡಿದ್ದರು! ಅಷ್ಟು ವರ್ಷ ಮನೆಯಲ್ಲಿ ರೇಡಿಯೋ ಇತ್ತು, ಅದು ನಮ್ಮ ಮನೆಮಾತು ಆಡಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಆ ಯರವ ಹೆಂಗಸರ ನಗುವಿಗೆ ಬನ್ನಿ. ನಿಮಗೆ ಅರ್ಥವಾಗುವುದಿಲ್ಲ, ಸರಿ. ಆದರೆ ಅವರ ಅಜ್ಜಿಯ ಕಾಲದಿಂದ ನಿಮ್ಮ ರೇಡಿಯೋ, ನಮ್ಮ ಪತ್ರಿಕೆ, ತೋಟದ ಲೆಕ್ಕ ಬರೆಯುವ ರೈಟರ್ ಕೂಗಿ ಹೇಳುವ ಲೆಕ್ಕ, ಯಾವುದೂ ಅವರ ಮಾತಿನಲ್ಲಿ ಇರಲಿಲ್ಲ. ಅವರು ಪತ್ರ ಬರೆದು ದೂರಲಿಲ್ಲ, ಅಷ್ಟೇ. ದಿನಕ್ಕೆ ಅರ್ಧ ಗಂಟೆ ನಾವು ಅರ್ಥವಾಗದೆ ಕೂತರೆ ಏನು ಗಂಟು ಹೋಗುತ್ತದೆ ಸ್ವಾಮಿ?

ರೇಡಿಯೋ ಅಂದರೆ ದೊಡ್ಡ ಊರಿನಿಂದ ಸಣ್ಣ ಊರಿಗೆ ಇಳಿದು ಬರಬೇಕಾದದ್ದು ಅಂತ ನಮ್ಮ ತಲೆಯಲ್ಲಿ ಯಾರು ತುಂಬಿದರೋ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿಗೆ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಇಡೀ ದೇಶದ ರೇಡಿಯೋಗೆ ಮುಂದೆ ಇಟ್ಟ ಆಕಾಶವಾಣಿ ಅನ್ನುವ ಹೆಸರು ಆ ಮನೆಯದು. ಮೇಷ್ಟ್ರ ಮನೆಯ ರೇಡಿಯೋ ಸಮುದಾಯ ಬಾನುಲಿ ಅಲ್ಲದೆ ಮತ್ತೇನು?

ಅಲ್ಲಿಂದ ಮುಂದೆ ಅರವತ್ತು ವರ್ಷ ಗಾಳಿಗೂ ಬೀಗ. ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ, ಅದೂ ಕ್ರಿಕೆಟ್ ಪ್ರಸಾರದ ಜಗಳದಲ್ಲಿ. ಆಮೇಲೂ 2002ರಲ್ಲಿ ಕಾಲೇಜುಗಳಿಗೆ ಮಾತ್ರ ಬಾಗಿಲು ತೆರೆದರು, ಊರಿನ ಸಂಘ ಸಂಸ್ಥೆಗಳಿಗೆ ತೆರೆದದ್ದು 2006ರಲ್ಲಿ. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇಲ್ಲವೇ, ಸರಿ, ಕೇಬಲ್ ಟಿವಿ ತಂತಿಯಲ್ಲೇ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಹರಿಸಿದರು. ಎಂಥ ತಲೆ! 2008ರಲ್ಲಿ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೋ ನಡೆಸಲು ಕೂತರು. ರಾಗಿ ಜೋಳ, ಬಿತ್ತನೆ ಬೀಜ, ಹಬ್ಬದ ಹಾಡು, ಎಲ್ಲಾ ತಮ್ಮದೇ ಮಾತಿನಲ್ಲಿ. ಅವರಿಗೆ ಯಾರಾದರೂ 'ಸ್ವಚ್ಛ ತೆಲುಗು ಮಾತಾಡಿ' ಅಂತ ಪತ್ರ ಬರೆದಿದ್ದರೆ ಏನು ಉತ್ತರ ಬರುತ್ತಿತ್ತೋ, ನನಗೂ ಓದುವ ಆಸೆ.

ಇನ್ನೊಂದು ಮಾತು. ಅರ್ಧದಷ್ಟಾದರೂ ಕಾರ್ಯಕ್ರಮ ಊರಿನಲ್ಲೇ ತಯಾರಾಗಬೇಕು, ಸಾಧ್ಯವಾದಷ್ಟೂ ಊರಿನ ಭಾಷೆಯಲ್ಲಿ ಇರಬೇಕು ಅಂತ ಸಮುದಾಯ ಬಾನುಲಿಯ ನಿಯಮವೇ ಇದೆ. ಅವರ ರೇಡಿಯೋ ಹೊರಸೂಸುವ ಬಲ ಸಾಮಾನ್ಯವಾಗಿ ಹೆಚ್ಚೆಂದರೆ ನೂರು ವಾಟ್. ಆಂಟೆನಾ ಕಂಬ ಮೂವತ್ತು ಮೀಟರ್ ದಾಟಬಾರದು, ನಮ್ಮ ಎಷ್ಟೋ ಸಿಲ್ವರ್ ಓಕ್ ಮರಗಳು ಅದಕ್ಕಿಂತ ಎತ್ತರ ಇವೆ. ಬಯಲು ಸೀಮೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಕೇಳುತ್ತದೆ, ನಮ್ಮಲ್ಲಿ ಗುಡ್ಡ ತಿರುಗಿದರೆ ಮುಗಿಯಿತು. ಕೇಳುವವರು ಹತ್ತು ಪಟ್ಟು ಅಂದಿರಲ್ಲ, ಎಲ್ಲಿಂದ ತರೋಣ? ಆ ಹತ್ತು ಕಿಲೋಮೀಟರಿನಲ್ಲಿ ಇರುವವರು ಅವರೇ, ಆ ಯರವ ಹೆಂಗಸರೂ ಸೇರಿ.

ಸಿನಿಮಾ ಹಾಡಿಗೆ ನಾನು ವೈರಿಯಲ್ಲ. ಆದರೆ ಅದು ನಿಮ್ಮ ಜೇಬಿನ ಫೋನಿನಲ್ಲಿ ಸಾವಿರ ಇದೆ, ಕಾರಿನಲ್ಲಿದೆ, ಬಸ್ಸಿನಲ್ಲಿದೆ, ಬೇಡ ಅಂದರೂ ಪಕ್ಕದ ಹೋಮ್‌ಸ್ಟೇಯವರು ರಾತ್ರಿ ಒಂದು ಗಂಟೆಯವರೆಗೆ ಕೇಳಿಸುತ್ತಾರೆ. ದುಡಿ ಹಿಡಿದು ನಾಲ್ಕು ಜನ ಕೂತು ಹಾಡುವುದು ಯಾರ ಫೋನಿನಲ್ಲಿದೆ? ಇಬ್ಬರು ಎತ್ತಿಕೊಂಡು, ಇನ್ನಿಬ್ಬರು ಹಿಂದಿನಿಂದ ಹಿಡಿದು, ಆ ಮನೆಯ ಹೆಸರು, ಆ ಮನೆಯ ಹಿರಿಯರು, ಹೊಲ ಗದ್ದೆ, ದೇವರು, ಎಲ್ಲಾ ಸೇರಿಸಿ ಕಟ್ಟುತ್ತಾ ಹೋಗುತ್ತಾರೆ. ಮದುವೆಗೆ ಒಂದು, ಪುತ್ತರಿ ಸುಗ್ಗಿಹಬ್ಬಕ್ಕೆ ಒಂದು, ಸಾವಿಗೂ ಒಂದು. ಮುಕ್ಕಾಲು ಗಂಟೆ ಆಗದೆ ಮೂರು ನಿಮಿಷದಲ್ಲಿ ಮುಗಿಯಲು ಅದೇನು ಜಾಹೀರಾತೇ? ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಈ ಹಾಡುಗಳನ್ನು ಹುಡುಕಿ ಕೂಡಿಟ್ಟು 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನುವ ಪುಸ್ತಕ ಅಚ್ಚು ಹಾಕಿಸಿದರು. ನೂರು ವರ್ಷ ದಾಟಿತು. ಆಗ ಅವರ ಕೈಯಲ್ಲಿದ್ದದ್ದು ಬರೀ ಕಾಗದ. ಇವತ್ತು ಒಂದು ಮೈಕ್ ಇದೆ, ಹಾಡುವ ಮುದುಕರು ಇನ್ನೂ ಕೆಲವರಿದ್ದಾರೆ, ನಾವು ಕೋಳಿ ಕೂಗಿತು ಅಂತ ಗೊಣಗುತ್ತಿದ್ದೇವೆ.

2018ರ ಆಗಸ್ಟ್ ನಿಮಗೆ ನೆನಪಿರಬೇಕು. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡವೇ ಕೆಳಗಿಳಿಯಿತು. ನಮ್ಮಲ್ಲಿ ಕರೆಂಟು ಹೋಯಿತು, ಟವರಿನ ಡೀಸೆಲ್ ಮುಗಿದು ಫೋನೂ ಸತ್ತಿತು. ಬೆಂಗಳೂರಿನ ಟಿವಿಯವರಿಗೆ ಕೊಡಗು ಕೊಚ್ಚಿಹೋಗಿದೆ ಅಂತ ಗೊತ್ತಿತ್ತು, ನನಗೆ ಮಾತ್ರ ಮೂರು ಮೈಲಿ ಆಚೆ ಇದ್ದ ಅಕ್ಕನ ಮನೆ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಎರಡನೇ ದಿನ ಕೆಸರಿನಲ್ಲಿ ನಡೆದುಕೊಂಡೇ ಹೋದೆ. ಮನೆ ಇತ್ತು. ಅಕ್ಕ ಬಾಗಿಲಲ್ಲಿ ನಿಂತು "ನಿಮ್ಮ ಮನೆ ಇದೆಯಾ?" ಅಂತ ಕೇಳಿದರು. ಆ ಎರಡು ದಿನ, ಇಂಥ ರಸ್ತೆ ಮುಚ್ಚಿದೆ, ಇಂಥ ಮನೆಯವರು ಶಾಲೆಯಲ್ಲಿ ಕ್ಷೇಮ ಅಂತ ಊರಿನವರೊಬ್ಬರು ಸೆಲ್ ರೇಡಿಯೋದಲ್ಲಿ ಹೇಳಿದ್ದರೆ, ಎಷ್ಟು ಕೆಮ್ಮಿದರೂ ಕೈ ಮುಗಿದು ಕೇಳುತ್ತಿದ್ದೆ.

ಇನ್ನು ಸ್ವಚ್ಛ ಕನ್ನಡ. ಯಾವುದದು? ಎಫ್‌ಎಂ ಚಾನೆಲ್ಲುಗಳಲ್ಲಿ ಉಸಿರು ತೆಗೆದುಕೊಳ್ಳದೆ ಅರ್ಧ ಇಂಗ್ಲಿಷ್, ಕಾಲು ಹಿಂದಿ, ಉಳಿದ ಕಾಲಿನಲ್ಲಿ ಕಿಲಕಿಲ ನಗು ಬೆರೆಸಿ ಕೊಡುತ್ತಾರಲ್ಲ, ಅದಾ? 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ. ದೇಶದಲ್ಲೆಲ್ಲಾ ಸೇರಿ ಕೊಡವ ತಕ್ಕ್ ತಮ್ಮ ಮಾತು ಅಂದವರು 1.14 ಲಕ್ಷ. ನಮ್ಮ ಒಂದು ಸಂತೆಯಲ್ಲಿ ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ತಮಿಳು ಎಲ್ಲಾ ಕಿವಿಗೆ ಬೀಳುತ್ತದೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರ ಮಾತೂ ಸೇರಿದೆ. ಇಂಥ ಊರಿನಲ್ಲಿ ಯಾರ ನಾಲಿಗೆ ಸ್ವಚ್ಛ? ನನ್ನದಂತೂ ಅಲ್ಲ. ಹುಡುಗನಾಗಿದ್ದಾಗ ಒಂದು ನಾಟಕದಲ್ಲಿ ನನ್ನ ಉಚ್ಚಾರಣೆ ಕೇಳಿ ಮೇಷ್ಟ್ರೊಬ್ಬರು "ನೀನು ಮರದ ಪಾತ್ರ ಮಾಡು" ಅಂದರು. ಒಂದೂವರೆ ಗಂಟೆ ಸೊಪ್ಪು ಕಟ್ಟಿಕೊಂಡು ನಿಂತಿದ್ದೆ. ಆ ಮೇಲೆ ಮೈಕ್ ಕಂಡರೆ ಹಿಂದೆ ಸರಿಯುವುದು ಅಭ್ಯಾಸವಾಯಿತು. ನಿಮ್ಮ ಪತ್ರ ಓದುವಾಗ ಆ ಸೊಪ್ಪು ಮತ್ತೆ ಕೆರೆಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ ಅಂತಲೂ ಇರಬಹುದು.

ಸಿಟ್ಟು ಮಾಡುವುದಾದರೆ ಬೇರೆ ಕಡೆ ಮಾಡಿ, ನಾನೂ ಜೊತೆಗೆ ಬರುತ್ತೇನೆ. ಈ ಕೇಂದ್ರಗಳು ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಕಬಹುದು ಅಷ್ಟೇ. ಮಳೆ, ಕರೆಂಟು, ರಸ್ತೆ ಬಂದ್ ಹೇಳಬಹುದು. ಪಂಚಾಯತಿಯಲ್ಲಿ ದುಡ್ಡು ಎಲ್ಲಿ ಹೋಯಿತು ಅಂತ ಸುದ್ದಿ ಮಾಡಿ ಓದುವಂತಿಲ್ಲ. ಟಿವಿಯಲ್ಲಿ ದಿನವಿಡೀ ಕಿರುಚಾಡಲು ಅಡ್ಡಿಯಿಲ್ಲ, ನೂರು ವಾಟಿನ ರೇಡಿಯೋ ಕಂಡರೆ ದೆಹಲಿಗೆ ಭಯ. ಜಾಹೀರಾತನ್ನು 2024ರಲ್ಲಿ ಗಂಟೆಗೆ 12 ನಿಮಿಷಕ್ಕೆ ಏರಿಸಿದರು, ಸರ್ಕಾರಿ ಜಾಹೀರಾತಿಗೆ ಹತ್ತು ಸೆಕೆಂಡಿಗೆ 74 ರೂಪಾಯಿ ದರ ಮಾಡಿದರು. ಒಳ್ಳೆಯದೇ. ಆದರೆ ಆ ಹನ್ನೆರಡು ನಿಮಿಷ ತುಂಬಿಸುವ ಅಂಗಡಿಗಳು ನಮ್ಮೂರಲ್ಲಿ ಎಷ್ಟಿವೆ? ಮಗಳ ಮದುವೆಗೆ ಮೈಸೂರಿನಿಂದ ಡಿಜೆ ಕರೆಸಲು ದುಡ್ಡಿದೆ, ಊರ ವಾಲಗದವರಿಗೆ ಕೊಡುವಾಗ ಚೌಕಾಸಿ. ಇದೇ ಪತ್ರಿಕೆಗೆ ಮೂರು ವರ್ಷದಿಂದ ಚಂದಾ ಬಾಕಿ ಇಟ್ಟುಕೊಂಡು 'ಸ್ಥಳೀಯ ಸಂಸ್ಕೃತಿ ಉಳಿಯಬೇಕು' ಅಂತ ಲೇಖನ ಕಳಿಸುವವರಿದ್ದಾರೆ. ನೀವಲ್ಲ, ನಿಮ್ಮ ಚಂದಾ ಸರಿಯಾಗಿ ಬಂದಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಅಂಚಿನಲ್ಲಿ, ಬೇರೆ ಪೆನ್ನಿನಲ್ಲಿ ಒಂದು ಸಾಲು ಇದೆ. ನಿಮ್ಮ ತಂದೆಯ ಕಾಲದ ರೈಟರ್ ತೀರಿಕೊಂಡದ್ದು ಈ ರೇಡಿಯೋದಿಂದಲೇ ಗೊತ್ತಾಗಿ, ಮಣ್ಣಿಗೆ ಹೋಗಿ ಬಂದೆ ಅಂತ. ಅದನ್ನು ಯಾಕೆ ಅಂಚಿಗೆ ತಳ್ಳಿದಿರಿ? ನಾನಾಗಿದ್ದರೆ ಅದರಿಂದಲೇ ಪತ್ರ ಶುರು ಮಾಡುತ್ತಿದ್ದೆ.

ಕೆಮ್ಮಿನ ವಿಷಯ ಕೇಂದ್ರದವರಿಗೆ ಹೇಳುತ್ತೇನೆ. ಕೋಳಿಯ ಬಗ್ಗೆ ಮಾತು ಕೊಡಲಾರೆ.

ಅಂದ ಹಾಗೆ, ಮೊನ್ನೆ ಮಂಗಳವಾರ ರಾತ್ರಿ ನಮ್ಮಲ್ಲಿ ಅರವತ್ತೆರಡು ಸೆಂಟ್. ನಿಮ್ಮಲ್ಲಿ ಎಷ್ಟಾಯಿತು?