ಸೀನಿದ್ರೆ, ಕೆಮ್ಮಿದ್ರೆ ಮೂತ್ರ ಸೋರುತ್ತೆ. ನೀರು ಕಮ್ಮಿ ಮಾಡ್ಲಾ, ಡಯಪರ್ ಹಾಕ್ಲಾ, ಗರ್ಭಕೋಶ ತೆಗೆಸ್ಲಾ?

ಮೂರೂ ಬೇಡ. ಅದ್ರಲ್ಲೂ ಮೊದಲನೇದಂತೂ ದಯವಿಟ್ಟು ಮಾಡ್ಬೇಡಿ, ಯಾಕಂದ್ರೆ ನಾನು ಅದನ್ನೇ ಮಾಡಿ ಅನುಭವಿಸಿದೀನಿ.

ನಾನು ಟೀಚರ್. ಎರಡನೇ ಹೆರಿಗೆ ಆದ್ಮೇಲೆ ಶುರುವಾಗಿದ್ದು. ಕ್ಲಾಸಲ್ಲಿ ಕೆಮ್ಮು ಬಂತು ಅಂದ್ರೆ ಕಾಲು ಕತ್ತರಿ ಹಾಕ್ಕೊಂಡು ಟೇಬಲ್ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಬಿಡ್ತಿದ್ದೆ, ತಿಳಿ ಬಣ್ಣದ ಸೀರೆ ಎಲ್ಲಾ ಬೀರು ಸೇರಿದ್ವು. ಯಾರ ಹತ್ರಾನೂ ಹೇಳ್ಲಿಲ್ಲ, ಗಂಡನ ಹತ್ರಾನೂ. ಬಾಣಂತನದಲ್ಲೇ ನಮ್ಮಮ್ಮ "ನೀರು ಜಾಸ್ತಿ ಕುಡಿಬೇಡ, ಹೊಟ್ಟೆ ಬರುತ್ತೆ" ಅಂತ ಅರ್ಧ ಲೋಟ ಬಿಸಿನೀರಲ್ಲೇ ಇಟ್ಟಿದ್ರು, ಸೋ ಕಮ್ಮಿ ಕುಡಿಯೋದು ಆಗ್ಲೇ ಅಭ್ಯಾಸ ಆಗಿತ್ತು. ಒಳಗೆ ಹೋಗದಿದ್ರೆ ಹೊರಗೆ ಬರಲ್ಲ ಅನ್ನೋ ಲೆಕ್ಕ ನಂದು. ಬೆಳಗ್ಗೆ ಒಂದು ಕಾಫಿ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು, ಸ್ಟಾಫ್ ರೂಮಲ್ಲಿ ಮತ್ತೆ ಕಾಫಿ, ನೀರು ಅಂತ ಕುಡೀತಿದ್ದಿದ್ದು ಸಂಜೆ ಮನೆಗೆ ಬಂದ್ಮೇಲೇನೇ.

ಆಗಿದ್ದೇನು ಗೊತ್ತಾ? ಸೋರೋದು ಒಂಚೂರೂ ನಿಲ್ಲಲಿಲ್ಲ, ಯಾಕಂದ್ರೆ ತೊಂದ್ರೆ ಇದ್ದಿದ್ದು ನೀರಲ್ಲಿ ಅಲ್ಲ, ಕೆಳಗಿಂದ ಮೂತ್ರಚೀಲಾನ ತೊಟ್ಟಿಲ ಬಟ್ಟೆ ಥರ ಹಿಡ್ಕೊಂಡಿರೋ ಮಾಂಸಖಂಡ ಹೆರಿಗೇಲಿ ಸಡಿಲ ಆಗಿರೋದ್ರಲ್ಲಿ. ಕೆಮ್ಮಿದಾಗ ಹೊಟ್ಟೆಯಿಂದ ಒತ್ತಡ ಬೀಳುತ್ತೆ, ಅದು ಬಿಗಿ ಹಿಡಿಯಲ್ಲ, ಸೋರುತ್ತೆ. ಇದ್ರ ಮೇಲೆ ನೀರು ಕಮ್ಮಿ ಆಗಿ ಮೂತ್ರ ಗಾಢ ಹಳದಿ ಆಯ್ತು, ಅಂಥ ಮೂತ್ರ ಚೀಲಾನ ಕೆರಳಿಸುತ್ತೆ, ಸ್ವಲ್ಪ ತುಂಬಿದ್ರೂ ಅರ್ಜೆಂಟ್ ಅನ್ಸುತ್ತೆ, ಕಾಫೀಲಿರೋ ಕೆಫೀನ್ ಅದನ್ನ ಇನ್ನೂ ಜಾಸ್ತಿ ಮಾಡುತ್ತೆ. ಮೊದ್ಲು ಬರೀ ಕೆಮ್ಮಿದಾಗ ಹೋಗ್ತಿದ್ದಿದ್ದು ಆಮೇಲೆ ಮನೆ ಬೀಗಕ್ಕೆ ಕೀ ಹಾಕೋ ಹೊತ್ತಿಗೇ ಹೋಗೋಕೆ ಶುರುವಾಯ್ತು. ಮೋಷನ್ ಗಟ್ಟಿಯಾಗಿ ಮುಕ್ಕಿ ಮುಕ್ಕಿ ಆ ಮಾಂಸಖಂಡಕ್ಕೆ ಇನ್ನಷ್ಟು ಪೆಟ್ಟು. ಕೊನೆಗೆ ಉರಿಮೂತ್ರ, ಚಳಿಜ್ವರ, ಇನ್ಫೆಕ್ಷನ್ನು, ಆಂಟಿಬಯೋಟಿಕ್. ಒಂದಿದ್ದ ಕಾಯಿಲೆನ ನಾನೇ ಮೂರು ಮಾಡ್ಕೊಂಡೆ.

ಆ ಜ್ವರಕ್ಕೆ ಹೋದಾಗಲೇ ಡಾಕ್ಟರ್ ಎದುರು ಬಾಯಿಬಿಟ್ಟಿದ್ದು. ಯೂರಿನ್ ಟೆಸ್ಟು, ಶುಗರ್ ಟೆಸ್ಟು, ಸ್ಕ್ಯಾನಿಂಗ್ ಮಾಡಿಸಿ, ಮೂರು ದಿನ ಎಷ್ಟು ಕುಡಿದೆ ಎಷ್ಟು ಹೋಯ್ತು ಯಾವಾಗ ಸೋರ್ತು ಬರ್ಕೊಂಡು ಬನ್ನಿ ಅಂದ್ರು. ಅಳತೆ ಲೋಟ ಒಂದನ್ನ ಬಾತ್ರೂಮಲ್ಲಿಟ್ಟು ಹಳೇ ಪಾಠ ಟಿಪ್ಪಣಿ ಬುಕ್ಕಿನ ಹಿಂದೆ ಬರೆದೆ. ನೋಡಿದ್ರೆ ಒಂದ್ಸಲಕ್ಕೆ ಹೋಗ್ತಿದ್ದಿದ್ದು 80 ಎಂಎಲ್, 100 ಎಂಎಲ್! ದೊಡ್ಡವರ ಮೂತ್ರಚೀಲ 400–500 ಎಂಎಲ್ ಹಿಡಿಯುತ್ತೆ, ನಾನು ಭಯಕ್ಕೆ ಬೆಲ್ ಹೊಡೆದಾಗೆಲ್ಲ ಟಾಯ್ಲೆಟ್‌ಗೆ ಓಡಿ ಅದಕ್ಕೆ ಹಿಡ್ಕೊಳ್ಳೋದನ್ನೇ ಮರೆಸಿದ್ದೆ. ಅರ್ಜೆಂಟ್ ಅನ್ಸಿದಾಗ ಓಡದೆ ನಿಂತು, ಬಿಗಿ ಮಾಡಿ, ಆ ಅಲೆ ಇಳಿದ್ಮೇಲೆ ಹೋಗೋದು, ನಿಧಾನಕ್ಕೆ ಗ್ಯಾಪ್ ಜಾಸ್ತಿ ಮಾಡೋದು, ಇದಕ್ಕೇ ಬ್ಲ್ಯಾಡರ್ ಟ್ರೈನಿಂಗ್ ಅಂತಾರೆ.

ಆಮೇಲೆ ಕೀಗಲ್. ಅಮೆರಿಕದ ಆರ್ನಾಲ್ಡ್ ಕೀಗಲ್ ಅನ್ನೋ ಡಾಕ್ಟರ್ 1948ರಲ್ಲಿ ಬರೆದ ವ್ಯಾಯಾಮ, ಇವತ್ತಿಗೂ ಮೊದಲ ಔಷಧಿ ಅದೇ. ನಾನು ವಿಡಿಯೋ ನೋಡಿ ಮಾಡ್ತಾನೇ ಇದ್ದೆ, ಏನೂ ಆಗಿರ್ಲಿಲ್ಲ. ಫಿಸಿಯೋಥೆರಪಿಸ್ಟ್ ನನ್ನ ಹೊಟ್ಟೆ ಮೇಲೆ ಕೈ ಇಟ್ಟು ಮಾಡಿ ನೋಡೋಣ ಅಂದ್ರು, ತಕ್ಷಣ "ಉಸಿರು ಕಟ್ಟಿ ಕೆಳಗೆ ದಬ್ತಿದೀರಿ, ಇದು ಉಲ್ಟಾ" ಅಂದ್ರು. ಜನರ ಮಧ್ಯೆ ಗ್ಯಾಸ್ ತಡೀತೀವಲ್ಲ, ಹಾಗೆ ಒಳಕ್ಕೆ ಮೇಲಕ್ಕೆ ಎಳೀಬೇಕು, ಹೊಟ್ಟೆ ತೊಡೆ ಪೃಷ್ಠ ಸಡಿಲ ಇರ್ಬೇಕು, ಉಸಿರು ಆಡ್ತಿರ್ಬೇಕು. ಚಿಕಿತ್ಸೆ ಹೇಗಿರ್ಬೇಕು ಅಂತ ಹೇಳೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಮಾರ್ಗಸೂಚಿ ಪ್ರಕಾರ ಒಂದು ಸಲ ಕೂತ್ರೆ ಕನಿಷ್ಠ 8 ಬಾರಿ ಬಿಗಿ ಮಾಡ್ಬೇಕು, ಹೀಗೆ ದಿನಕ್ಕೆ 3 ಸಲ, ಕಮ್ಮಿ ಅಂದ್ರೂ 3 ತಿಂಗಳು. ಮೂತ್ರ ಮಾಡ್ತಾ ಮಧ್ಯ ನಿಲ್ಲಿಸಿ ಪ್ರ್ಯಾಕ್ಟೀಸ್ ಮಾಡೋದು ಬೇಡ. ಸೀನು ಬರುತ್ತೆ ಅನ್ನೋ ಕ್ಷಣಕ್ಕೇ ಬಿಗಿ ಹಿಡ್ಕೊಳ್ಳೋದು ಕಲೀರಿ, ನಂಗೆ ಮೊದ್ಲು ಫಲ ಕೊಟ್ಟಿದ್ದು ಅದೇ. ಈಗ ಜೋರು ನೆಗಡಿ ಇದ್ದಾಗ ಬಿಟ್ರೆ ಸೋರಲ್ಲ, ನೀರು ಬಾಯಾರಿದಷ್ಟು ಕುಡೀತೀನಿ, ಕಾಫಿ ಬೆಳಗ್ಗೆ ಒಂದೇ.

ಗರ್ಭಕೋಶದ ವಿಷ್ಯ. ಅದನ್ನ ತೆಗೆಸೋದು ಮೂತ್ರ ಸೋರೋದಕ್ಕೆ ಚಿಕಿತ್ಸೆನೇ ಅಲ್ಲ. ನಮ್ಮ ಕಡೆ ಹೆಂಗಸ್ರಿಗೆ ಏನೇ ಆದ್ರೂ ತೆಗ್ಸಿಬಿಡಿ ಅನ್ನೋರಿದಾರೆ, ನಂಗೆ ಕೇಳಿದ್ರೇನೇ ಸಿಟ್ಟು ಬರುತ್ತೆ. ವ್ಯಾಯಾಮದಿಂದ ಆಗ್ಲೇ ಇಲ್ಲ ಅಂದ್ರೆ ಸೋರೋದಕ್ಕೇ ಬೇರೆ ಆಪರೇಷನ್ ಇದಾವೆ, ಆದ್ರೆ ಮೆಶ್ (ಒಳಗೆ ಆಸರೆಗೆ ಇಡೋ ಪ್ಲಾಸ್ಟಿಕ್ ಬಲೆ) ಹಾಕ್ತೀವಿ ಅಂದ್ರೆ ಕೂತು ವಿಚಾರಿಸಿ, ತೊಂದ್ರೆಗಳಾಗಿ ಇಂಗ್ಲೆಂಡಲ್ಲಿ 2018ರಲ್ಲಿ ಅದನ್ನ ತಡೆಹಿಡಿದಿದ್ರು. ಪ್ಯಾಡ್ ಬೇಕಿದ್ರೆ ದೂರದ ಬಸ್ ಪ್ರಯಾಣಕ್ಕೆ, ಮದುವೆಮನೆಗೆ ಹಾಕ್ಕೊಳ್ಳಿ, ಅದು ಮೂತ್ರಕ್ಕೇ ಅಂತ ಮಾಡಿರೋದಾಗಿರ್ಲಿ, ಮುಟ್ಟಿನ ಪ್ಯಾಡ್ ಅಷ್ಟು ಹೀರಲ್ಲ, ಚರ್ಮ ಕೆಂಪಗಾಗುತ್ತೆ. ಆದ್ರೆ ಪ್ಯಾಡ್ ಇದೆಯಲ್ಲ ಅಂತ ಡಾಕ್ಟರ್ ಹತ್ರ ಹೋಗೋದನ್ನ ಮುಂದಕ್ಕೆ ಹಾಕ್ಬೇಡಿ.

ಮೂತ್ರದಲ್ಲಿ ರಕ್ತ, ಜ್ವರ, ಕಾಲು ಜೋಮು ಹಿಡಿಯೋದು, ಅಥವಾ ಮೂತ್ರ ಕಟ್ಟೋದು ಇದ್ರೆ ವ್ಯಾಯಾಮ ಅಂತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮಗೆ ಬರೀ ಕೆಮ್ಮಿದಾಗ ಮಾತ್ರ ಹೋಗುತ್ತಾ, ಇಲ್ಲಾ ಟಾಯ್ಲೆಟ್ ತಲುಪೋದ್ರೊಳಗೂ ಹೋಗುತ್ತಾ? ಶುಗರ್ ಇದ್ಯಾ? ಅದನ್ನ ಕೆಳಗೆ ಬರೀರಿ, ಆ ಎರಡು ಥರದ ಸೋರಿಕೆಗೂ ದಾರಿ ಸ್ವಲ್ಪ ಬೇರೆ ಬೇರೆ.