ಅಕ್ಕಿ ಮಿಲ್ಲಿಗೆ ನೆಟ್‌ವರ್ಕ್ ರ‍್ಯಾಕ್: 6ಯು ಸಾಕಾ, ಐಪಿ65 ಬಾಕ್ಸೇ ಬೇಕಾ?

ನೀವು ಕೇಳಿರೋದು ಇಷ್ಟು ಅಲ್ವಾ: ಮಂಡ್ಯ ಹತ್ರ ಅಕ್ಕಿ ಮಿಲ್ಲು, ಎಂಟು ಕ್ಯಾಮೆರಾ, ಒಂದು ಎನ್‌ವಿಆರ್, (ಅಂದ್ರೆ ಕ್ಯಾಮೆರಾ ರೆಕಾರ್ಡಿಂಗ್ ಪೆಟ್ಟಿಗೆ), ಪಿಒಇ ಸ್ವಿಚ್ಚು (ನೆಟ್‌ವರ್ಕ್ ಕೇಬಲಲ್ಲೇ ಕ್ಯಾಮೆರಾಗೆ ಕರೆಂಟೂ ಕೊಡೋದು), ಫೈಬರ್ ಇಂಟರ್ನೆಟ್ಟಿನ ಮೋಡೆಮ್ಮು, ವೇಬ್ರಿಡ್ಜ್ ಕಂಪ್ಯೂಟರಿಗೊಂದು ಲೈನು. ಒಬ್ಬ ಅಂಗಡಿಯವ್ರು 6ಯು ವಾಲ್ ರ‍್ಯಾಕ್ (ಇವನ್ನೆಲ್ಲಾ ಜೋಡ್ಸೋಕೆ ಗೋಡೆಗೆ ಹಾಕೋ ತಗಡಿನ ಕಪಾಟು, ಯು ಅಂದ್ರೆ ಅದ್ರ ಎತ್ತರದ ಅಳತೆ) ಸಾಕು ಅಂದ್ರು, ಇನ್ನೊಬ್ರು ಧೂಳಿದೆ ಐಪಿ65 ಬಾಕ್ಸೇ ಹಾಕ್ಸಿ ಅಂದ್ರು. ನಾನು ಮೈಸೂರಲ್ಲಿ ಇದೇ ಕೆಲ್ಸ ಮಾಡೋನು, ಹೆಬ್ಬಾಳು ಕೂರ್ಗಳ್ಳಿ ಕಡೆ ಫ್ಯಾಕ್ಟರಿಗಳು, ಮಂಡ್ಯ ಮದ್ದೂರು ಕಡೆ ಮಿಲ್ಲುಗಳು. ಇಬ್ರೂ ನಿಮ್ಗೆ ಬಾಕ್ಸ್ ಮಾರೋಕೆ ನೋಡ್ತಿದಾರೆ, ಅದನ್ನ ಎಲ್ಲಿ ನೇತಾಕ್ತೀರಾ ಅಂತ ಒಬ್ರೂ ಕೇಳಿಲ್ಲ ನೋಡಿ. ಮೊದ್ಲು ಜಾಗ, ಆಮೇಲೆ ಬಾಕ್ಸು.

ಐಪಿ65 ಅಂದ್ರೆ ಮೊದಲ್ನೇ ಅಂಕಿ 6 ಧೂಳಿಗೆ, ಅಂದ್ರೆ ಒಳಗೆ ಧೂಳು ಹೋಗೋದೇ ಇಲ್ಲ, ಎರಡ್ನೇದು 5 ನೀರಿಗೆ, ಪೈಪಲ್ಲಿ ನೀರು ಹಾರ್ಸಿದ್ರೂ ತಡ್ಕೊಳ್ಳುತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಧೂಳು ಒಳಗೆ ಬರಲ್ಲ ಅಂದ್ರೆ ಬಿಸಿಗಾಳಿ ಹೊರಗೂ ಹೋಗಲ್ಲ. ಶಾಖ ಬರೀ ತಗಡಿನ ಮೈಯಿಂದಾನೇ ಹೊರಗೆ ಹೋಗ್ಬೇಕು. ಹಾರ್ಡ್ ಡಿಸ್ಕ್ ಇರೋ ಎನ್‌ವಿಆರ್, ಸ್ವಿಚ್ಚು, ಮೋಡೆಮ್ಮು ಎಲ್ಲಾ ಅದ್ರೊಳಗೆ ತುಂಬಿ ಏಪ್ರಿಲ್ ತಿಂಗಳಲ್ಲಿ ಶೀಟ್ ಛಾವಣಿ ಕೆಳಗೆ ಬಿಟ್ರೆ ಅದು ಕಣಕ ಮೆತ್ತಿದ ದಮ್ ಬಿರಿಯಾನಿ ಹಂಡೆನೇ. ಸಾಮಾನ್ಯ ಆಫೀಸ್ ಸ್ವಿಚ್ಚು ರೂಟರುಗಳ ಡೇಟಾಶೀಟಲ್ಲಿ ಹೆಚ್ಚಾಗಿ 40 ಡಿಗ್ರಿ ತನಕ ಅಂತ ಬರ್ದಿರ್ತಾರೆ, ಹೊರಗಡೆನೇ 36, 37 ಇದ್ದಾಗ ಒಳಗೆ ಎಷ್ಟಿರುತ್ತೆ ನೀವೇ ಲೆಕ್ಕ ಹಾಕಿ. ಅಂದಹಾಗೆ ಪಿಒಇ ಸ್ವಿಚ್ಚಿನ ವ್ಯಾಟ್ ನೋಡಿ ಗಾಬರಿ ಆಗ್ಬೇಡಿ, 802.3ಎಎಫ್ ಅನ್ನೋ ಪಿಒಇ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಒಂದು ಪೋರ್ಟಿಗೆ ಗರಿಷ್ಠ 15.4 ವ್ಯಾಟ್, ಎಂಟಕ್ಕೆ 123 ಆಯ್ತು, ಆದ್ರೆ ಅದ್ರಲ್ಲಿ ಬಹುಪಾಲು ಕ್ಯಾಮೆರಾ ಹತ್ರ ಹೋಗಿ ಖರ್ಚಾಗೋದು, ಬಾಕ್ಸಲ್ಲಿ ಉಳಿಯೋದು ಸ್ವಿಚ್ಚಿನ ಸ್ವಂತ ಬಿಸಿ ಮಾತ್ರ.

ಹಂಗಾದ್ರೆ ಫ್ಯಾನ್ ಇರೋ ಮಾಮೂಲಿ ರ‍್ಯಾಕ್ ಮಿಲ್ಲೊಳಗೆ ಹಾಕ್ಬೋದಾ? ಅದಂತೂ ಬೇಡ್ವೇ ಬೇಡ ಕಣ್ರೀ. ರ‍್ಯಾಕ್ ತಲೆ ಮೇಲೆ ಕೊಡೋ ಫ್ಯಾನು ಗಾಳಿನ ಹೊರಗೆ ಎಳೆಯುತ್ತೆ, ಅಷ್ಟೇ ಗಾಳಿ ಬಾಗಿಲ ಸಂದಿ, ಕೇಬಲ್ ತೂತು ಎಲ್ಲಾ ಕಡೆಯಿಂದ ಒಳಗೆ ಬರುತ್ತೆ, ಜೊತೆಗೆ ಹೊಟ್ಟಿನ ಧೂಳೂ ತೌಡೂ ಬರುತ್ತೆ. ಬರೀ ಮಣ್ಣಿನ ಧೂಳಾದ್ರೆ ಬ್ಲೋವರ್ ಹಿಡಿದ್ರೆ ಹೋಗುತ್ತೆ, ತೌಡಲ್ಲಿ ಎಣ್ಣೆ ಅಂಶ ಇರುತ್ತಲ್ಲ, ಅದು ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿಗೂ ಅಂಟ್ಕೊಂಡು ಪದರ ಕಟ್ಟುತ್ತೆ, ಮಳೆಗಾಲದಲ್ಲಿ ತೇವ ಹಿಡಿದ್ರೆ ಇನ್ನೂ ಕೆಟ್ಟದು. ಇಲಿ ಕಥೆ ನಿಮ್ಗೆ ನಾನ್ ಹೇಳ್ಬೇಕಾಗಿಲ್ಲ. ಬೇರೆ ದಾರಿನೇ ಇಲ್ಲ ಅನ್ನೋ ಜಾಗದಲ್ಲಿ ಫ್ಯಾನ್ ತಿರುಗ್ಸಿ ಹಾಕ್ಬೇಕು, ಕೆಳಗಡೆ ಫಿಲ್ಟರ್ ಮೂಲಕ ಗಾಳಿ ಒಳಗೆ ತಳ್ಳೋ ಹಂಗೆ, ಆಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತೆ ಹೊರತು ಧೂಳು ಒಳಗೆ ಬರಲ್ಲ. ಆದ್ರೆ ಫಿಲ್ಟರ್ ಯಾರು ಕ್ಲೀನ್ ಮಾಡ್ತಾರೆ ಹೇಳಿ, ಸೀಸನ್ ಶುರುವಾದ್ಮೇಲೆ ಯಾರೂ ಮುಟ್ಟಲ್ಲ.

ಅದಕ್ಕೆ ನಾನು ಹೇಳೋದು ಎರಡಾಗಿ ಒಡೀರಿ ಅಂತ. ಎನ್‌ವಿಆರ್, ಮೋಡೆಮ್ಮು, ಮೇನ್ ಸ್ವಿಚ್ಚು ಎಲ್ಲಾ ಆಫೀಸ್ ರೂಮಲ್ಲಿ ಮಾಮೂಲಿ ವಾಲ್ ರ‍್ಯಾಕಲ್ಲಿ. ಮಿಲ್ಲೊಳಗೆ ಚಿಕ್ಕ ಐಪಿ65 ಬಾಕ್ಸು, ಅದ್ರಲ್ಲಿ ಡಿನ್ ರೈಲ್ (ಎಂಸಿಬಿ ಕೂರ್ಸೋ ಲೋಹದ ಪಟ್ಟಿ) ಮೇಲೆ ಕೂರೋ ಇಂಡಸ್ಟ್ರಿಯಲ್ ಪಿಒಇ ಸ್ವಿಚ್ಚು, ಫ್ಯಾನ್ ಇಲ್ದೇ 70, 75 ಡಿಗ್ರಿ ತಡ್ಕೊಳ್ಳೋವು ಸಿಗುತ್ತೆ. ದುಡ್ಡು ಜಾಸ್ತಿ ಹೌದು, ಆದ್ರೆ ಮುಚ್ಚಿದ ಬಾಕ್ಸಲ್ಲಿ ಬದುಕೋದು ಅದೊಂದೇ. ಎರಡ್ರ ಮಧ್ಯೆ ಫೈಬರ್ ಎಳೀರಿ, ಕಾಪರ್ ಬೇಡ. ಕ್ಯಾಟ್6 ಕಾಪರ್ ಕೇಬಲ್ಲು ಹೆಂಗೂ 100 ಮೀಟರಿಗೆ ಮುಗೀತು, ಅದಕ್ಕಿಂತ ಮುಖ್ಯ ದೊಡ್ಡ ಮೋಟಾರುಗಳು, ಎರಡು ಕಟ್ಟಡಕ್ಕೆ ಬೇರೆ ಬೇರೆ ಅರ್ತಿಂಗು, ಸಿಡಿಲು, ಇವ್ಯಾವ್ದೂ ಗಾಜಿನ ಎಳೆ ಮೂಲಕ ಆಫೀಸಿಗೆ ಬರಲ್ಲ. ಆ ಬಾಕ್ಸಿಗೆ ಕೇಬಲ್ ಎಲ್ಲಾ ಕೆಳಗಿಂದ್ಲೇ, ಪ್ರತಿಯೊಂದಕ್ಕೂ ಗ್ಲ್ಯಾಂಡ್ (ಕೇಬಲ್ ಸುತ್ತ ಸಂದಿ ಮುಚ್ಚೋ ಬಿರಡೆ) ಹಾಕ್ಸಿ. ಎಲೆಕ್ಟ್ರಿಷಿಯನ್ನು ಡ್ರಿಲ್ ಹಿಡಿದು ಮೇಲೊಂದು ತೂತು ಕೊರೆದ್ರೆ ಅಲ್ಲಿಗೆ ಐಪಿ65 ಬರೀ ಸ್ಟಿಕರ್ರು. ಬಿಸಿಲು ಬೀಳೋ ಪಶ್ಚಿಮದ ಗೋಡೆನೂ ಬೇಡ.

ಇನ್ನು ಆಫೀಸ್ ರ‍್ಯಾಕು. ಎಲ್ರೂ ಯು ಕೇಳ್ತಾರೆ, ಆಳ ಕೇಳಲ್ಲ. ಒಂದು ಯು ಅಂದ್ರೆ 44.45 ಮಿ.ಮೀ. ಎತ್ತರ, ಅಗಲ ಎಲ್ಲಾ ಕಡೆ 19 ಇಂಚು ಸ್ಟ್ಯಾಂಡರ್ಡು, ಆಟ ಆಡೋದು ಆಳ. ಸ್ವಿಚ್ಚಿನ ಆಳ ಅಳೀರಿ, ಹಿಂದೆ ಪವರ್ ಪ್ಲಗ್ಗಿಗೆ ಒಂದು 100 ಮಿ.ಮೀ., ಮುಂದೆ ಪ್ಯಾಚ್ ಕಾರ್ಡ್ (ಪೋರ್ಟಿಗೆ ಚುಚ್ಚೋ ಗಿಡ್ಡ ಕೇಬಲ್) ಬಗ್ಗೋಕೆ ಗಾಜಿನ ಬಾಗಿಲಿಗೂ ಪೋರ್ಟಿಗೂ ಮಧ್ಯೆ 75 ಮಿ.ಮೀ. ಆದ್ರೂ ಬಿಡಿ, ಇಲ್ದಿದ್ರೆ ಬಾಗಿಲು ಹಾಕೋವಾಗ ಕೇಬಲ್ ಮುರಿಯುತ್ತೆ. ನಿಮ್ಗೆ 550 ಅಥ್ವಾ 600 ಆಳದ್ದು ತಗೊಳ್ಳಿ. ಎತ್ತರಕ್ಕೆ ಬಂದ್ರೆ ಪ್ಯಾಚ್ ಪ್ಯಾನೆಲ್ (ಕೇಬಲ್ ತುದಿಗಳನ್ನ ಕೂರ್ಸೋ ಪಟ್ಟಿ) ಒಂದು ಯು, ಕೇಬಲ್ ಮ್ಯಾನೇಜರ್ ಒಂದು, ಸ್ವಿಚ್ ಒಂದು, ಪವರ್ ಸ್ಟ್ರಿಪ್ ಒಂದು, ಟ್ರೇ ಮೇಲೆ ಎನ್‌ವಿಆರಿಗೆ ಎರಡು, ಮೋಡೆಮ್ ಟ್ರೇಗೆ ಎರಡು, ಅಲ್ಲಿಗೆ ಎಂಟಾಯ್ತು. 6ಯು ಎಲ್ಲಿ ಸಾಕಾಗುತ್ತೆ? 9ಯು ಕನಿಷ್ಠ, ನಾಳೆ ಕ್ಯಾಮೆರಾ ಜಾಸ್ತಿ ಮಾಡ್ತೀನಿ ಅನ್ನೋರಾದ್ರೆ 12ಯು.

ಮೋಡೆಮ್ಮಲ್ಲೇ ವೈಫೈ ಇದ್ರೆ ತಗಡಿನ ಡಬ್ಬೀಲಿಟ್ಟು ಸಿಗ್ನಲ್ ಬರ್ತಿಲ್ಲ ಅನ್ಬೇಡಿ, ಹೊರಗೊಂದು ಆಕ್ಸೆಸ್ ಪಾಯಿಂಟ್ ಹಾಕಿ. ಯುಪಿಎಸ್ ನೆಲದ ಮೇಲಿರ್ಲಿ, ನೀರು ಹಾಕೋ ಇನ್ವರ್ಟರ್ ಬ್ಯಾಟರಿನಂತೂ ಯಾವ ಮುಚ್ಚಿದ ಬಾಕ್ಸಲ್ಲೂ ಇಡ್ಬೇಡಿ, ಚಾರ್ಜ್ ಆಗ್ವಾಗ ಹೈಡ್ರೋಜನ್ ಬಿಡುತ್ತೆ. ಬಾಗಿಲಿಗೂ ಬಾಡಿಗೂ ಅರ್ತ್ ವೈರ್ ಕೂಡ್ಸಿದಾರಾ ನೋಡಿ. ಗೋಡೆ ಹಾಲೋ ಬ್ಲಾಕಿಂದಾದ್ರೆ ಮಾಮೂಲಿ ಆಂಕರ್ ಬೋಲ್ಟ್ ನಿಲ್ಲಲ್ಲ, ಕೆಮಿಕಲ್ ಆಂಕರ್ ಕೇಳಿ ಹಾಕ್ಸಿ, ಇಲ್ಲಾಂದ್ರೆ ಗೋಡೆ ಬಿಟ್ಟು ಆಂಗಲ್ ಸ್ಟ್ಯಾಂಡ್ ಮಾಡಿಸ್ಬಿಡಿ. ನಿಮ್ ಎನ್‌ವಿಆರ್ ಮಾಡೆಲ್ಲೂ ಮಿಲ್ಲಿಂದ ಆಫೀಸಿಗೆ ಎಷ್ಟು ಮೀಟರ್ ಅಂತಾನೂ ಹಾಕಿ, ಫೈಬರ್ ಎಷ್ಟು ಕೋರಿಂದು (ಅಂದ್ರೆ ಒಳಗೆ ಎಷ್ಟು ಎಳೆ ಇರೋದು) ಬೇಕು ಅಂತ ಹೇಳ್ತೀನಿ.